ಬೆರಳಚ್ಚು ಯಂತ್ರದ ಆಚೆಯ ಊರುಗಳು: ನಾ. ಡಿಸೋಜ ಮತ್ತು ಶರಾವತಿ

ಶರಾವತಿ ಮುಳುಗಡೆಯ ಕಥೆಯನ್ನು ಕನ್ನಡಕ್ಕೆ ಹೇಳಿದವರಲ್ಲಿ ಮೊದಲಿಗೆ ನೆನಪಾಗುವ ನಾ. ಡಿಸೋಜ, ಆ ಯೋಜನೆಯಿಂದಲೇ ಸಂಬಳ ಪಡೆಯುತ್ತಿದ್ದವರು. ಜೋಗದ ನೆರೆಯ ಕಾರ್ಗಲ್‌ನಲ್ಲಿದ್ದ ಯೋಜನಾ ಕಚೇರಿಯಲ್ಲಿ ಅವರು ಬೆರಳಚ್ಚುಗಾರರಾಗಿ ದುಡಿದರು. ಅವರ ಪರಿಚಯ ಲೇಖನಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಮಲೆನಾಡಿನ ಮುಳುಗಡೆ ಸಾಹಿತ್ಯವನ್ನು ಸಂಶೋಧನೆಗೆ ಆರಿಸಿಕೊಂಡ ನನಗೆ ಮಾತ್ರ ಅವರ ಬರವಣಿಗೆಯ ಗುಟ್ಟು ಆ ಒಂದು ಸಾಲಿನಲ್ಲೇ ಇದೆ ಎನ್ನಿಸುತ್ತದೆ.

ನಾರ್ಬರ್ಟ್ ಡಿಸೋಜ ಹುಟ್ಟಿದ್ದು 1937ರ ಜೂನ್ 6ರಂದು, ಸಾಗರದಲ್ಲಿ. ತಂದೆ ಶಾಲಾ ಮಾಸ್ತರರು, ಮನೆಮಾತು ಕೊಂಕಣಿ. ಓದು ಮುಗಿಸಿ ಲೋಕೋಪಯೋಗಿ ಇಲಾಖೆ ಸೇರಿದ ಅವರು ಕಾರ್ಗಲ್, ಲಿಂಗನಮಕ್ಕಿ, ಮಾವಿನಗುಂಡಿಗಳಲ್ಲಿ ಕೆಲಸ ಮಾಡಿದರು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ನೌಕರರಾಗಿದ್ದುಕೊಂಡೇ ಕಾದಂಬರಿ, ಕಥೆ, ಮಕ್ಕಳ ಪುಸ್ತಕಗಳನ್ನು ಬರೆದರು.

ಅವರು ಕೆಲಸದಲ್ಲಿದ್ದ ಕಾಲದಲ್ಲೇ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 151 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟು ಅದು. ಅದಕ್ಕಿಂತ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಈ ನೀರಿನೊಳಗೆ ಮುಳುಗಿತು. ಕಚೇರಿಯ ಲೆಕ್ಕದಲ್ಲಿ ಇಡೀ ಕಣಿವೆಯ ಹಣೆಬರಹ ಒಂದು ಅಂಕಿಯಲ್ಲಿತ್ತು: ಸಮುದ್ರಮಟ್ಟದಿಂದ 1,819 ಅಡಿ. ಆ ಗೆರೆಯ ಕೆಳಗಿನದು ಮುಳುಗಡೆ, ಮೇಲಿನದು ಉಳಿಕೆ. ಕೆಳಗಿದ್ದ ತೋಟ, ಗದ್ದೆ, ಮನೆಗೆ ಪರಿಹಾರ. ಅದೂ ದಾಖಲೆಯಲ್ಲಿ ಹೆಸರಿದ್ದವರಿಗೆ.

ಈ 'ದಾಖಲೆಯಲ್ಲಿ ಹೆಸರು' ಎಂಬ ಮಾತನ್ನು ಸಾಗರದ ಹಿನ್ನೆಲೆಯಲ್ಲಿಟ್ಟು ನೋಡಬೇಕು. 1951ರಲ್ಲಿ ಇದೇ ಸೀಮೆಯ ಗೇಣಿದಾರರು ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆದರೆ ಉಳುವವನಿಗೆ ನೆಲ ಕೊಡುವ ಭೂಸುಧಾರಣೆ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಲಿಂಗನಮಕ್ಕಿ ತುಂಬಿ ಹತ್ತು ವರ್ಷವಾಗಿತ್ತು. ಮುಳುಗಿದ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನ ಪಾಲಿಗೆ ಆ ಕಾನೂನು ತಡವಾಗಿ ಬಂತು. ಕಾಗೋಡು ಹೋರಾಟವನ್ನು ವಸ್ತುವಾಗಿಸಿಕೊಂಡ ಕಾದಂಬರಿಗೆ ಡಿಸೋಜ 'ಕೊಳಗ' ಎಂದೇ ಹೆಸರಿಟ್ಟರು. ಅಳತೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

'ದ್ವೀಪ' ಹುಟ್ಟುವುದೂ ಈ ಪ್ರಶ್ನೆಯಿಂದಲೇ. ನೀರಿನ ಗೆರೆಯ ಮೇಲಿದ್ದವರು ಕಾಗದದಲ್ಲಿ ಸುರಕ್ಷಿತರು. ಆದರೆ ಸುತ್ತಲೂ ನೀರು ಏರಿದರೆ? ಗಣಪಯ್ಯ, ನಾಗವೇಣಿಯರ ಮನೆ ಮುಳುಗುವುದಕ್ಕಿಂತ ಮೊದಲು ಒಂಟಿಯಾಗುತ್ತದೆ. ನೆರೆಹೊರೆ ಹೋದ ಮೇಲೆ ಗಂಡ ಹೆಂಡಿರ ನಡುವೆ ಅನುಮಾನ ಹೊಗುತ್ತದೆ. ಯಾವ ಪರಿಹಾರದ ಪಟ್ಟಿಯಲ್ಲೂ ಇಂಥ ನಷ್ಟಕ್ಕೆ ಕಲಂ ಇರುವುದಿಲ್ಲ. ಗಿರೀಶ ಕಾಸರವಳ್ಳಿ ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ನಾಯಕಿ ಸೌಂದರ್ಯ ಅವರೇ ನಿರ್ಮಾಪಕಿ. ಚಿತ್ರಕ್ಕೆ ಸ್ವರ್ಣಕಮಲ ಬಂದಮೇಲೆ ಶರಾವತಿಯ ಹಿನ್ನೀರಿನ ಬದುಕು ದೇಶದ ಕಣ್ಣಿಗೆ ಬಿತ್ತು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಅಣೆಕಟ್ಟಿನ ಅನ್ನ ತಿಂದವರು ಅಣೆಕಟ್ಟಿನ ನೋವನ್ನು ಬರೆಯಬಹುದೇ? ಬರೆಯಬಹುದು ಎಂದಷ್ಟೇ ಅಲ್ಲ, ಅವರು ನಿಂತ ಜಾಗದಿಂದ ಮಾತ್ರ ಕಾಣುವ ಕೆಲವು ಸಂಗತಿಗಳಿವೆ ಎಂಬುದು ನನ್ನ ಉತ್ತರ. ಊರಿನವರಿಗೆ ಮುಳುಗಡೆ ಒಂದು ವಿಧಿ. ಎಂಜಿನಿಯರಿಗೆ ಅದೊಂದು ನಕ್ಷೆ. ಗುಮಾಸ್ತನ ಮೇಜಿನ ಮೇಲೆ ಎರಡೂ ಬಂದು ಕೂಡುತ್ತವೆ: ಒಂದು ಕಡೆ ನೋಟೀಸು, ಇನ್ನೊಂದು ಕಡೆ ಅದನ್ನು ಹಿಡಿದು ಬಂದ ಮನುಷ್ಯ. ಅದಕ್ಕೇ ಡಿಸೋಜರ ಮುಳುಗಡೆ ಕಥನವನ್ನು ವಿದ್ಯುತ್ ಬೇಡವೆಂಬ ವಾದವಾಗಿ ಓದಿದರೆ ಸಾಲದು. ಲೆಕ್ಕ ಹಾಕಿದವರು ಯಾರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಅದು ಕೇಳುತ್ತದೆ.

ಹಾಗೆಂದು ಕಾದಂಬರಿಯನ್ನು ಕಡತದ ಬದಲಿಗೆ ಇಡಲಾಗದು. ಎಷ್ಟು ಎಕರೆ, ಎಷ್ಟು ಕುಟುಂಬ ಎನ್ನುವುದಕ್ಕೆ ಕಡತವೇ ಬೇಕು. ಕಡತದಲ್ಲಿ ಯಾವ ಕಲಂ ಇಲ್ಲ ಎಂದು ತಿಳಿಯಲು ಕಾದಂಬರಿ ಬೇಕು. ಇತಿಹಾಸ ಓದುವ ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬೇಕು.

ಸಾಹಿತ್ಯಲೋಕ ಅವರನ್ನು ಗುರುತಿಸಿತು. 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ದೊಡ್ಡವರಿಗೆ ಹೇಳಿದ್ದನ್ನೇ ಮಕ್ಕಳಿಗೂ ಹೇಳಿದ್ದರು. ಮರೆವು ಶುರುವಾಗುವುದು ಮುಂದಿನ ತಲೆಮಾರಿನಲ್ಲಿ ತಾನೆ? 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

2025ರ ಜನವರಿ 5ರಂದು ಮಂಗಳೂರಿನಲ್ಲಿ ಡಿಸೋಜ ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಹಿನ್ನೀರಿನಾಚೆಯ ತುಮರಿ, ಸಿಗಂದೂರಿನ ಜನ ಅಲ್ಲಿಯವರೆಗೆ ಸಾಗರಕ್ಕೆ ಬರಲು ಲಾಂಚಿಗೆ ಕಾಯುತ್ತಿದ್ದರು. ನೀರು ನಿಂತ ಅರವತ್ತು ವರ್ಷಗಳ ಮೇಲೆ ಒಂದು ದ್ವೀಪಕ್ಕೆ ದಾರಿ ಸಿಕ್ಕಿತು. ಕಾಡಿನಂಚಿಗೆ ಎತ್ತಂಗಡಿಯಾದ ಎಷ್ಟೋ ಮನೆಗಳು ಮಾತ್ರ ತಾವು ಉಳುವ ನೆಲದ ಹಕ್ಕುಪತ್ರಕ್ಕೆ ಈಗಲೂ ಕಾಯುತ್ತಿವೆ. ಅವರ ಅರ್ಜಿಗಳು ಇವತ್ತೂ ಯಾವುದೋ ಗುಮಾಸ್ತರ ಮೇಜಿನ ಮೇಲಿವೆ.