ಗಿರಣಗಾಂವಿನ ಮಕ್ಕಳ ಆಸ್ಪತ್ರೆ

ಪರೇಲಿನ ಆಚಾರ್ಯ ದೋಂದೆ ಮಾರ್ಗವನ್ನು ಮುಂಬಯಿಯ ಟ್ಯಾಕ್ಸಿಯವರು ಅದರ ಹೆಸರಿನಿಂದ ಗುರುತಿಸುವುದು ಅಪರೂಪ. ‘ಕೆಇಎಂ’ ಎಂದರೆ ಒಂದು ಬಾಗಿಲು, ‘ಟಾಟಾ’ ಎಂದರೆ ಸ್ವಲ್ಪ ಆಚೆಗೆ ಇನ್ನೊಂದು ಬಾಗಿಲು. ಏರುವವರ ಹೆಗಲ ಮೇಲೆ ಜ್ವರದಿಂದ ಬಾಡಿದ ಮಗುವೊಂದಿದ್ದರೆ ಕೇಳುವ ಗೋಜಿಗೂ ಹೋಗದೆ ‘ವಾಡಿಯಾ’ದ ಮುಂದೆ ತಂದು ನಿಲ್ಲಿಸುತ್ತಾರೆ. ಸಹೋದ್ಯೋಗಿಯೊಬ್ಬರ ಮಗುವನ್ನು ಅಲ್ಲಿ ಸೇರಿಸಿದ್ದಾಗ ನಾವೂ ಹಾಗೆಯೇ ಆ ಬಾಗಿಲಲ್ಲಿ ಇಳಿದವರು. ನೋಡಿ ಬರಲೆಂದು ಹೋದವರು ಅರ್ಧ ದಿನ ಕಾಯಬೇಕಾಯಿತು. ಕಾಯುವವರಿಗೆ ಗೋಡೆಯ ಮೇಲಿನ ಹೆಸರುಗಳನ್ನು ಓದುವುದಲ್ಲದೆ ಬೇರೆ ಕೆಲಸವಿಲ್ಲ. ಬಾಯಿ ಜೆರ್ಬಾಯಿ ವಾಡಿಯಾ ಎಂಬ ಹೆಸರಿನ ಹಿಂದೆ ಏನಿದೆ ಎಂಬ ಕುತೂಹಲ ಹುಟ್ಟಿದ್ದು ಆ ಬೆಂಚಿನ ಮೇಲೆ.

ಇದ್ದದ್ದು ಒಂದು ಊರಿನ ಕಥೆ. ಪರೇಲ್, ಲಾಲ್‌ಬಾಗ್, ನಾಯಗಾಂವ್‌ಗಳನ್ನು ಒಳಗೊಂಡ ಈ ಪ್ರದೇಶವನ್ನು ಮರಾಠಿಗರು ಗಿರಣಗಾಂವ್, ಅಂದರೆ ಗಿರಣಿಗಳ ಊರು ಎಂದು ಕರೆಯುತ್ತಿದ್ದರು. 1920ರ ದಶಕದಲ್ಲಿ ಇಲ್ಲಿನ ಹತ್ತಿ ಗಿರಣಿಗಳ ಕೆಲಸಗಾರರಲ್ಲಿ ಐದರಲ್ಲೊಂದು ಪಾಲು ಹೆಂಗಸರು. ನೂಲು ಸುತ್ತುವ, ಲಡಿ ಮಾಡುವ ವಿಭಾಗಗಳಲ್ಲಿ ಅವರ ದುಡಿಮೆ. ಕಾರ್ಮಿಕ ಕುಟುಂಬಗಳಲ್ಲಿ ಶೇ. 97ರಷ್ಟು ಒಂದೇ ಕೋಣೆಯ ಚಾಳುಗಳಲ್ಲಿ ಬದುಕುತ್ತಿದ್ದವು. 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಿಗೆ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವುಗಳ ಸಂಖ್ಯೆ, ಪಾಲಿಕೆಯ ದಾಖಲೆಯ ಪ್ರಕಾರ, 667. ಒಂದು ಕೋಣೆಯ ಮನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅದು 828. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳ ಮನೆಗಳಲ್ಲಿ 133.

ಸರ್ಕಾರಿ ಅಂಕಿಗಳೊಂದಿಗೆ ದಿನವೂ ಒಡನಾಡುವ ನಾವು ಅವನ್ನು ಸುಮ್ಮನೆ ನಂಬುವವರಲ್ಲ. ಈ ಲೆಕ್ಕದಲ್ಲಿಯೂ ಒಂದು ದೋಷವಿತ್ತು. ಎಷ್ಟೋ ಹೆಂಗಸರು ಹೆರಿಗೆಗೆ ಕೊಂಕಣದ ತಮ್ಮ ಊರಿಗೆ ಹೋಗಿ, ಕೂಸಿನೊಂದಿಗೆ ಮರಳುತ್ತಿದ್ದರು. ಹುಟ್ಟು ನಗರದ ಪುಸ್ತಕದಲ್ಲಿ ನಮೂದಾಗುತ್ತಿರಲಿಲ್ಲ, ಸಾವು ಮಾತ್ರ ನಮೂದಾಗುತ್ತಿತ್ತು. ಆದ್ದರಿಂದ ಅಂಕಿ ನಿಜಕ್ಕಿಂತ ಹಿಗ್ಗಿದೆ. ಎಷ್ಟು ಕುಗ್ಗಿಸಿ ನೋಡಿದರೂ ಒಂದು ಕೋಣೆಗೂ ನಾಲ್ಕು ಕೋಣೆಗೂ ನಡುವಿನ ಅಂತರ ಮಾತ್ರ ಕಣ್ಣಿಗೆ ರಾಚುತ್ತದೆ.

ಅದೇ ವರ್ಷಗಳಲ್ಲಿ ಬಾರ್ನ್ಸ್ ಎಂಬ ವೈದ್ಯೆ ಗಿರಣಿಗಳ ಹೆಂಗಸರ ಹೆರಿಗೆಯ ಪರಿಸ್ಥಿತಿಯನ್ನು ಸರ್ಕಾರಕ್ಕಾಗಿ ಪರಿಶೀಲಿಸಿದರು. ಅವರ ವರದಿಯಲ್ಲಿ ಒಂದು ಮಾತು ಬರುತ್ತದೆ: ಈ ಹೆಂಗಸರ ಕೂಸುಗಳಲ್ಲಿ ಶೇ. 98ಕ್ಕೆ ಅಫೀಮು ತಿನ್ನಿಸಲಾಗುತ್ತಿತ್ತು. ‘ಬಾಲಗೋಲಿ’ ಎಂಬ ಹೆಸರಿನಲ್ಲಿ ಸಣ್ಣ ಗುಳಿಗೆಗಳು ಪೇಟೆಯಲ್ಲಿ ಸಿಗುತ್ತಿದ್ದವು. ತಾಯಿ ಬೆಳಗ್ಗೆ ಒಂದು ಗುಳಿಗೆ ಕೊಟ್ಟು ಗಿರಣಿಗೆ ಹೋದರೆ ಕೂಸು ಸಂಜೆಯವರೆಗೆ ಅಳದೆ, ಹಾಲು ಬೇಡದೆ ಮಲಗಿರುತ್ತಿತ್ತು. ಹಸಿವು ತಿಳಿಯದ ಕೂಸು ಸೊರಗುತ್ತಿತ್ತು. ಸೊರಗಿದ ಕೂಸಿಗೆ ಭೇದಿಯೋ ಕೆಮ್ಮೋ ತಗುಲಿದರೆ ಅಲ್ಲಿಗೆ ಮುಗಿಯಿತು. ಆ ತಾಯಂದಿರನ್ನು ಅಜ್ಞಾನಿಗಳೆಂದು ಬರೆದವರು ಆಗಲೂ ಇದ್ದರು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದೆ, ಒಂದು ದಿನ ತಪ್ಪಿದರೆ ಕೂಲಿ ಮಾತ್ರವಲ್ಲ ಕೆಲಸವೇ ಹೋಗುವ ಭಯವಿದ್ದವಳ ಮುಂದೆ ಬೇರೆ ಯಾವ ದಾರಿಯಿತ್ತೆಂಬುದನ್ನು ಅವರು ಬರೆಯಲಿಲ್ಲ.

ಇನ್ನು ವಾಡಿಯಾ ಮನೆತನದ ಕಡೆಗೆ. ಸೂರತ್ತಿನ ಲವ್ಜಿ ನುಸರ್‌ವಾನ್‌ಜಿ ವಾಡಿಯಾ ಎಂಬ ಪಾರಸಿ ಬಡಗಿ 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರೆಯ ಮೇರೆಗೆ ಮುಂಬಯಿಗೆ ಬಂದು ಹಡಗು ಕಟ್ಟುವ ಕೆಲಸ ಆರಂಭಿಸಿದರು. ಅವರ ವಂಶದವರು ತೇಗದ ಮರದಲ್ಲಿ ಕಟ್ಟಿದ ಹಡಗುಗಳು ಬ್ರಿಟಿಷ್ ನೌಕಾಪಡೆಯನ್ನು ಸೇರಿದವು. ಅವುಗಳಲ್ಲಿ 1813ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಕಾರ್ನ್‌ವಾಲಿಸ್’ ಎಂಬುದೂ ಒಂದು. 1842ರಲ್ಲಿ ಮೊದಲ ಅಫೀಮು ಯುದ್ಧವನ್ನು ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ಹಡಗಿನ ಮೇಲೆ. ಮುಂಬಯಿಯ ಬಂದರಿನಿಂದ ಚೀನಾಕ್ಕೆ ಹೋದ ಅಫೀಮಿಗೂ, ಪರೇಲಿನ ಚಾಳಿನಲ್ಲಿ ಕೂಸಿನ ನಾಲಗೆಯ ಮೇಲೆ ಕರಗಿದ ಗುಳಿಗೆಗೂ ನೇರ ಸಂಬಂಧ ಕಲ್ಪಿಸುವುದು ಅತಿಯಾದೀತು. ಆದರೆ ಈ ನಗರದ ಸಂಪತ್ತಿನ ಚರಿತ್ರೆಯನ್ನು ಓದುತ್ತಿದ್ದಾಗ ಆ ಕಪ್ಪು ವಸ್ತು ಎರಡು ಕಡೆ ಕಾಣಿಸಿಕೊಂಡದ್ದನ್ನು ಮರೆಯುವುದು ನಮ್ಮಿಂದಾಗಲಿಲ್ಲ.

ಹಡಗಿನ ಕಾಲ ಮುಗಿದ ಮೇಲೆ ಅದೇ ಮನೆತನದ ನೌರೋಜಿ ನುಸರ್‌ವಾನ್‌ಜಿ ವಾಡಿಯಾ 1879ರಲ್ಲಿ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದನ್ನು ಆರಂಭಿಸಿದರು. ‘ಬಾಂಬೆ ಡೈಯಿಂಗ್’ ಎಂದು ನಮ್ಮೆಲ್ಲರ ಮನೆಯ ಹೊದಿಕೆಗಳ ಅಂಚಿನಲ್ಲಿ ನಾವು ಓದಿರುವ ಹೆಸರು ಅದು. ನೌರೋಜಿಯವರ ಪತ್ನಿಯೇ ಜೆರ್ಬಾಯಿ. ಗಂಡ 1899ರಲ್ಲಿ ತೀರಿಕೊಂಡರು. ಪ್ಲೇಗು ಆಗ ನಗರವನ್ನು ಬರಿದುಮಾಡುತ್ತಿದ್ದ ಕಾಲ. ಊರೂರುಗಳಿಂದ ಮುಂಬಯಿಗೆ ಬರುವ ಬಡ ಪಾರಸಿಗಳಿಗೆ ಗಾಳಿ ಬೆಳಕಿರುವ ಮನೆಗಳನ್ನು ಕಡಿಮೆ ಬಾಡಿಗೆಗೆ ಒದಗಿಸುವ ಕೆಲಸಕ್ಕೆ ಜೆರ್ಬಾಯಿ ಕೈಹಾಕಿದರು. ಲಾಲ್‌ಬಾಗಿನ ನೌರೋಜ್ ಬಾಗ್ ಅದರ ಮೊದಲ ಫಲ. ಕೊಲಾಬಾದ ಕುಸ್ರೋ ಬಾಗ್, ಭಾಯಖಳದ ರುಸ್ತುಂ ಬಾಗ್‌ಗಳು ಅದೇ ದತ್ತಿಯ ಮುಂದುವರಿಕೆ. ಒಂದು ಕೋಣೆ ಮತ್ತು ನಾಲ್ಕು ಕೋಣೆಯ ವ್ಯತ್ಯಾಸವೇನೆಂದು ಆಕೆಗೆ ಅಂಕಿಸಂಖ್ಯೆಯಿಲ್ಲದೆಯೇ ಗೊತ್ತಿದ್ದಿರಬೇಕು. ಆದರೆ ಆ ಮನೆಗಳು ಆಕೆಯ ಸಮುದಾಯದವರಿಗೆ. ಗಿರಣಿಯಲ್ಲಿ ದುಡಿಯುವವರಿಗೆ ಅಲ್ಲ.

ಆ ಗೆರೆಯನ್ನು ದಾಟಿದವರು ಮಕ್ಕಳಾದ ಕುಸ್ರೋ ಮತ್ತು ಸರ್ ನೆಸ್. (ಪುಣೆಯ ಓದುಗರು ಬಲ್ಲ ನೌರೋಜಿ ವಾಡಿಯಾ ಕಾಲೇಜಿಗೂ ಈ ಸಹೋದರರೇ ದಾನಿಗಳು.) ತಂದೆಯ ಹೆಸರಿನಲ್ಲಿ 1926ರಲ್ಲಿ ಪರೇಲಿನಲ್ಲಿ ಹೆರಿಗೆ ಆಸ್ಪತ್ರೆ ತೆರೆಯಿತು. ಗೇಟ್‌ವೇ ಆಫ್ ಇಂಡಿಯಾದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅದರ ವಿನ್ಯಾಸಕಾರರು. ಅದೇ ವರ್ಷ ಜೆರ್ಬಾಯಿ ತೀರಿಕೊಂಡರು. ತಾಯಿಯ ಹೆಸರಿನ ಮಕ್ಕಳ ಆಸ್ಪತ್ರೆ 1929ರ ಡಿಸೆಂಬರಿನಲ್ಲಿ ಪಕ್ಕದಲ್ಲಿಯೇ ಎದ್ದು ನಿಂತಿತು. ಮಕ್ಕಳಿಗಾಗಿಯೇ ಮೀಸಲಾದ ಆಸ್ಪತ್ರೆಗಳು ದೇಶದಲ್ಲಿ ಇಲ್ಲವೆಂಬಷ್ಟು ಕಡಿಮೆಯಿದ್ದ ಕಾಲ. ಮಗುವೆಂದರೆ ಸಣ್ಣ ಗಾತ್ರದ ದೊಡ್ಡವನಲ್ಲ, ಅದರ ರೋಗ ಬೇರೆ, ಔಷಧದ ಅಳತೆ ಬೇರೆ, ಅದನ್ನು ನೋಡುವ ಕಣ್ಣೇ ಬೇರೆ ಎಂಬ ತಿಳಿವಳಿಕೆ ವೈದ್ಯಲೋಕದಲ್ಲಿಯೂ ಆಗತಾನೆ ಬೇರೂರುತ್ತಿತ್ತು. ಡಾ. ಜಾರ್ಜ್ ಕೊಯೆಲ್ಹೊ ಮೊದಲಾದವರು ಮಕ್ಕಳ ವೈದ್ಯರ ಸಂಘವೊಂದನ್ನು ಮುಂಬಯಿಯಲ್ಲಿ ಕಟ್ಟಲು 1950 ಬರಬೇಕಾಯಿತು.

ದಾನವೆಂದರೆ ಕಟ್ಟಡ. ಕಟ್ಟಡದೊಳಗೆ ದಿನವೂ ಬೇಕಾಗುವ ಹಾಲು, ಹತ್ತಿ, ಔಷಧ, ನರ್ಸುಗಳ ಸಂಬಳ ಇವೆಲ್ಲ ಎಲ್ಲಿಂದ? ಇದಕ್ಕಾಗಿ ಕುಟುಂಬದ ದತ್ತಿ, ನಗರಪಾಲಿಕೆ ಮತ್ತು ಸರ್ಕಾರಗಳ ನಡುವೆ ಕರಾರುಗಳಾದವು. ಆಡಳಿತ ಮಂಡಳಿಯಲ್ಲಿ ದತ್ತಿಯವರ ಜೊತೆ ಸಾರ್ವಜನಿಕ ಸಂಸ್ಥೆಗಳ ಪ್ರತಿನಿಧಿಗಳೂ ಕುಳಿತರು. ನಡೆಸುವ ಖರ್ಚಿಗೆ ಸಾರ್ವಜನಿಕ ಬೊಕ್ಕಸದಿಂದ ಅನುದಾನ ಬರತೊಡಗಿತು. ಇದು ಪೂರ್ತಿ ಖಾಸಗಿಯಲ್ಲ, ಪೂರ್ತಿ ಸರ್ಕಾರಿಯೂ ಅಲ್ಲ. ಈ ನಡುವಿನ ಸ್ಥಿತಿಯೇ ಆಸ್ಪತ್ರೆಯ ಬಲ, ಅದೇ ಅದರ ಸಂಕಟ.

1929 ಎಂಬ ವರ್ಷದ ಬಗ್ಗೆ ಇನ್ನೂ ಒಂದೆರಡು ಮಾತು ಹೇಳದಿದ್ದರೆ ಈ ಕಥೆ ಬರಿಯ ದಾನಶೂರರ ಕಥೆಯಾಗಿಬಿಡುತ್ತದೆ. ಹಿಂದಿನ ವರ್ಷ, 1928ರಲ್ಲಿ, ಗಿರಣಗಾಂವ್ ಆರು ತಿಂಗಳ ಕಾಲ ಮುಷ್ಕರದಲ್ಲಿತ್ತು. ಅದೇ ವರ್ಷ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅದನ್ನು ಬೆಂಬಲಿಸಿದರು. ಹೆಂಗಸರನ್ನು ದುಡಿಸಿಕೊಂಡು ಲಾಭ ಪಡೆಯುವ ಮಾಲೀಕರು ಈ ಭಾರದ ಒಂದು ಪಾಲನ್ನಾದರೂ ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಅದು ಕಾಯ್ದೆಯಾಯಿತು. ಮುಂಬಯಿ ನಗರದಲ್ಲಿ ಹೆರಿಗೆಯ ಹಿಂದುಮುಂದಿನ ಏಳು ವಾರಗಳಿಗೆ ದಿನಕ್ಕೆ ಎಂಟಾಣೆ. ಹೀಗೆ ಒಂದೇ ವರ್ಷದಲ್ಲಿ ಗಿರಣಿಯ ಮಗುವಿಗೆ ದಾನವಾಗಿ ಒಂದು ಹಾಸಿಗೆಯೂ, ಹಕ್ಕಾಗಿ ತಾಯಿಯ ಕೆಲವು ವಾರಗಳೂ ಸಿಕ್ಕವು.

ಇಂಗ್ಲಿಷ್ ಸಾಹಿತ್ಯ ಓದಿದವರಾದ ನಮಗೆ ಅದೇ 1929 ಇನ್ನೊಂದು ಆಸ್ಪತ್ರೆಯನ್ನು ನೆನಪಿಸಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆ 1852ರಲ್ಲಿ ಕೇವಲ 10 ಹಾಸಿಗೆಗಳಿಂದ ಆರಂಭವಾದದ್ದು. ಅದಕ್ಕೆ ಹಣ ಕೂಡಿಸಲು 1858ರಲ್ಲಿ ಚಾರ್ಲ್ಸ್ ಡಿಕನ್ಸ್ ಭಾಷಣ ಮಾಡಿದರು, ತಮ್ಮ ಕಥೆಯನ್ನು ಸಭೆಯಲ್ಲಿ ಓದಿದರು. 1929ರಲ್ಲಿ ಜೆ. ಎಂ. ಬ್ಯಾರಿ ‘ಪೀಟರ್ ಪ್ಯಾನ್’ ಕೃತಿಯ ಹಕ್ಕುಗಳನ್ನು ಆ ಆಸ್ಪತ್ರೆಗೆ ಕೊಟ್ಟುಬಿಟ್ಟರು. ಕೃತಿಸ್ವಾಮ್ಯದ ಅವಧಿ 1987ಕ್ಕೆ ತೀರಿದಾಗ ಬ್ರಿಟನ್ನಿನ ಸಂಸತ್ತು ಮರುವರ್ಷವೇ ಕಾಯ್ದೆಯೊಂದರಲ್ಲಿ ವಿಶೇಷ ಕಲಮು ಸೇರಿಸಿ, ಆ ನಾಟಕದ ಗೌರವಧನ ಆ ದೇಶದಲ್ಲಿ ಎಂದೆಂದಿಗೂ ಆಸ್ಪತ್ರೆಗೇ ಸಲ್ಲುವಂತೆ ಮಾಡಿತು. ಲಂಡನ್ನಿನ ಮಕ್ಕಳ ಪಾಲಿಗೆ ಒಂದು ಸಣ್ಣ ವರಮಾನವಾದರೂ ಶಾಸನದಲ್ಲಿ ಬರೆಯಲ್ಪಟ್ಟಿದೆ. ಪರೇಲಿನ ಮಕ್ಕಳದ್ದು ವರ್ಷವರ್ಷವೂ ಕಡತದಲ್ಲಿ ಮೇಲೇರಿ ಕೆಳಗಿಳಿಯಬೇಕಾದ ಅನುದಾನ.

ಕಡತ ನಿಂತರೆ ಏನಾಗುತ್ತದೆಂಬುದು 2020ರ ಜನವರಿಯಲ್ಲಿ ಊರಿಗೆಲ್ಲ ತಿಳಿಯಿತು. ಅನುದಾನದ ಬಾಕಿ ಬೆಳೆದು, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದು ನಿಂತು, ನರ್ಸುಗಳೂ ನೌಕರರೂ ಬಾಗಿಲ ಮುಂದೆ ಕುಳಿತರು. ಆಸ್ಪತ್ರೆಯ ಆಡಳಿತದ ಬಗ್ಗೆ ಪಾಲಿಕೆಯ ಆಕ್ಷೇಪಗಳಿದ್ದವು. ಬಾಕಿಯ ಬಗ್ಗೆ ಆಸ್ಪತ್ರೆಯ ದೂರುಗಳಿದ್ದವು. ಇಂತಹ ಪತ್ರವ್ಯವಹಾರ ಹೇಗಿರುತ್ತದೆಂಬುದನ್ನು ನಮ್ಮಂತಹವರಿಗೆ ಯಾರೂ ವಿವರಿಸಬೇಕಿಲ್ಲ: ಸ್ಪಷ್ಟನೆ ಕೋರಿ ಒಂದು ಪತ್ರ, ಸ್ಪಷ್ಟನೆಗೆ ಸ್ಪಷ್ಟನೆ ಕೋರಿ ಇನ್ನೊಂದು. ಪ್ರತಿಯೊಂದು ಪ್ರಶ್ನೆಯೂ ನ್ಯಾಯವಾದದ್ದೇ ಇರಬಹುದು. ಅಷ್ಟರಲ್ಲಿ ಕಾವುಪೆಟ್ಟಿಗೆಯಲ್ಲಿರುವ ಕೂಸಿಗೆ ವಯಸ್ಸಾಗುವುದು ದಿನಗಳ ಲೆಕ್ಕದಲ್ಲಿ, ಹಣಕಾಸು ವರ್ಷದ ಲೆಕ್ಕದಲ್ಲಲ್ಲ. ವಿಷಯ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಪ್ರತಿಮೆಗೆ ಹಣವಿರುವಾಗ ಬಡವರ ಆರೋಗ್ಯಕ್ಕೆ ಏಕಿಲ್ಲವೆಂದು ನ್ಯಾಯಪೀಠ ಕೇಳಿತು. ಸರ್ಕಾರ ಮತ್ತು ಪಾಲಿಕೆ ಸೇರಿ 46 ಕೋಟಿ ರೂಪಾಯಿ ಬಿಡುಗಡೆ ಮಾಡುವ ನಿರ್ಧಾರವಾಗಿ ಬಾಗಿಲು ತೆರೆದೇ ಉಳಿಯಿತು.

ಗಿರಣಿಗಳು ಉಳಿಯಲಿಲ್ಲ. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ನಂತರ ಅವು ಒಂದೊಂದಾಗಿ ಮುಚ್ಚಿದವು. ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳೆದ್ದವು. ಯಾರ ಮಕ್ಕಳಿಗಾಗಿ ಆಸ್ಪತ್ರೆ ಕಟ್ಟಿದರೋ ಅವರ ಮೊಮ್ಮಕ್ಕಳು ಬಾಡಿಗೆ ಕಟ್ಟಲಾರದೆ ವಿರಾರ್, ಕಲ್ಯಾಣಗಳಾಚೆಗೆ ಸರಿದುಹೋದರು. ಸುಮಾರು 300 ಹಾಸಿಗೆಗಳ ಈ ಆಸ್ಪತ್ರೆಗೆ ಈಗ ಮಕ್ಕಳು ಬರುವುದು ದೂರದ ಊರುಗಳಿಂದ. ಇಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಉಳಿಸಿಕೊಳ್ಳುತ್ತಾರೆ, ಹೃದಯದ ರಂಧ್ರ ಮುಚ್ಚುತ್ತಾರೆ, ರಕ್ತದ ಕಾಯಿಲೆಗಳಿಗೆ ವರ್ಷಗಟ್ಟಲೆ ಚಿಕಿತ್ಸೆ ಕೊಡುತ್ತಾರೆ. 2014ರಲ್ಲಿ ದೇಹ ಅಂಟಿಕೊಂಡು ಹುಟ್ಟಿದ್ದ ಅವಳಿ ಹೆಣ್ಣುಮಕ್ಕಳನ್ನು ಇಲ್ಲಿನ ಶಸ್ತ್ರವೈದ್ಯರು ಬೇರ್ಪಡಿಸಿದರು. ಹೆತ್ತವರು ಬಿಟ್ಟುಹೋಗಿದ್ದ ಆ ಮಕ್ಕಳು ಮುಂದೆ ವರ್ಷಗಳ ಕಾಲ ಆಸ್ಪತ್ರೆಯಲ್ಲಿಯೇ ನರ್ಸುಗಳ, ಆಯಾಗಳ ಕೈಯಲ್ಲಿ ಬೆಳೆದರು. ಇಂತಹ ಪಾಲನೆಯನ್ನು ಅನುದಾನದ ಯಾವ ಶೀರ್ಷಿಕೆಯ ಕೆಳಗೆ ತೋರಿಸುವುದೋ ನಮಗೆ ತಿಳಿಯದು.

ನಾವು ಬೆಂಚಿನ ಮೇಲೆ ಕಾಯುತ್ತಿದ್ದ ಆ ದಿನ, ಫೋನಿನಲ್ಲಿ ಮನೆಯವರೊಂದಿಗೆ ಮಾತಾಡಿ ಮುಗಿಸುವುದನ್ನೇ ಕಾದಿದ್ದ ತರುಣಿಯೊಬ್ಬಳು ಹತ್ತಿರ ಬಂದಳು. ಇಳಕಲ್ ಸೀರೆ, ಹೆಗಲ ಮೇಲೆ ನಿದ್ದೆಹೋದ ಹೆಣ್ಣುಕೂಸು. “ಅಣ್ಣಾರ, ನೀವು ಕನ್ನಡ ಮಾತಾಡೂದು ಕೇಳಿಸ್ತು. ಈ ಚೀಟ್ಯಾಗ ಏನ್ ಬರದಾರ, ಸ್ವಲ್ಪ ನೋಡ್ರಿ” ಎಂದಳು. ಅಫಜಲಪುರದ ಕಡೆಯವಳು. ಗಂಡ ಪನ್ವೇಲಿನಲ್ಲಿ ಕಟ್ಟಡದ ಕೆಲಸಕ್ಕಿದ್ದ. ಮಗುವಿನ ಎದೆಯ ಪರೀಕ್ಷೆಗೆ ಮುಂದಿನ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬರಬೇಕೆಂದು ಚೀಟಿಯಲ್ಲಿತ್ತು. ಓದಿ ಹೇಳಿದೆವು. ಅವಳು ಚೀಟಿಯನ್ನು ನಾಲ್ಕಾಗಿ ಮಡಚಿ, ಮತ್ತೆ ಬಿಚ್ಚಿ ನಮ್ಮ ಮುಂದೆ ಹಿಡಿದಳು.

“ರೊಕ್ಕ ಎಷ್ಟಂತ ಬರದಾರೇನ್ರಿ?”

ಬರೆದಿರಲಿಲ್ಲ. ಅವಳೊಂದಿಗೆ ನಾವೂ ಎದ್ದು ಕಿಟಕಿಯ ಸಾಲಿನಲ್ಲಿ ನಿಂತೆವು.