ಕಾಫಿಗೆ ಬಂದ ಹುಳು, ಹೂದೋಟಕ್ಕೆ ಒದಗಿದ ಕಥೆ

ದಾಸವಾಳದ ಕುಡಿಯಲ್ಲಿ, ಕ್ರೋಟನ್ನಿನ ಎಲೆಯ ಬುಡದಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿಯ ಮುದ್ದೆ ಕಾಣಿಸಿಕೊಳ್ಳುವುದನ್ನು ಹೂಗಿಡ ಸಾಕಿದವರೆಲ್ಲ ಬಲ್ಲರು. ಹಿಟ್ಟು ತಿಗಣೆ ಎಂದು ಅದರ ಹೆಸರು. ಮೈತುಂಬ ಮೇಣದ ಪುಡಿ ಹೊದ್ದು ರಸ ಹೀರುತ್ತ ಕುಳಿತ ಈ ಜೀವಿಯ ಮೇಲಿಂದ ಸಿಂಪಡಿಸಿದ ಔಷಧಿ ಜಾರಿಹೋಗುತ್ತದೆ. ಇದನ್ನೇ ತಿಂದು ಬದುಕುವ ಹುಳುವೊಂದು ನಮ್ಮ ನಾಡಿಗೆ ಬಂದು ನೆಲೆಸಿದ ಕಥೆ ಸ್ವಾರಸ್ಯವಾದುದು.

1888ರ ಹೊತ್ತಿಗೆ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳು ಆಸ್ಟ್ರೇಲಿಯ ಮೂಲದ ಶಲ್ಕ ಕೀಟವೊಂದರಿಂದ ಹಾಳಾಗುತ್ತಿದ್ದವು. ಆಲ್ಬರ್ಟ್ ಕೋಬೆಲೆ ಎಂಬಾತ ಆಸ್ಟ್ರೇಲಿಯಕ್ಕೇ ಹೋಗಿ ಅದರ ವೈರಿಯಾದ ವೆಡಾಲಿಯ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳುಹಿಸಿದ. ತೋಟಗಳು ಬೇಗನೆ ಚೇತರಿಸಿಕೊಂಡವು. ಅಲ್ಲಿಂದ ಮುಂದೆ ಪ್ರತಿಯೊಂದು ಕೀಟಕ್ಕೂ ಒಂದು ಹುಳುವಿನ ಮದ್ದು ಸಿಕ್ಕೀತೆಂಬ ಆಸೆ ಲೋಕಕ್ಕೆಲ್ಲ ಹತ್ತಿತು.

ಆ ಆಸೆಯ ಅಲೆ ನಮ್ಮಲ್ಲಿಗೂ ಬಂತು. 1898ರಲ್ಲಿ ನ್ಯೂಪೋರ್ಟ್ ಎಂಬುವರು ಕಾಫಿಯ ಹಸಿರು ಶಲ್ಕ ಕೀಟವನ್ನು ಅಡಗಿಸಲೆಂದು ಆಸ್ಟ್ರೇಲಿಯದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ದಕ್ಷಿಣ ಭಾರತಕ್ಕೆ ತರಿಸಿದರು. ಕಾಫಿಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಅದರ ಬಾಯಿರುಚಿ ಹಿಟ್ಟು ತಿಗಣೆಯ ಕಡೆಗೆ. ತಂದವರು ಬಡಿಸಿದ್ದು ಬೇರೆ ಊಟ. ಅಲ್ಲಿಗೆ ಆ ಪ್ರಯತ್ನ ಮುಗಿಯಿತು.

ಹುಳು ಮಾತ್ರ ಮುಗಿದಿರಲಿಲ್ಲ. 1952ರಲ್ಲಿ ಮೈಸೂರು ರಾಜ್ಯದ ಕೀಟಶಾಸ್ತ್ರಜ್ಞರಾದ ಎಂ. ಪುಟ್ಟರುದ್ರಯ್ಯ, ಜಿ. ಪಿ. ಚನ್ನಬಸವಣ್ಣ, ಬಿ. ಕೃಷ್ಣಮೂರ್ತಿ ಇವರು ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು: ಕ್ರಿಪ್ಟೊಲೀಮಸ್ ಬೆಂಗಳೂರಿನಲ್ಲಿದೆ! ತರಿಸಿದ 54 ವರ್ಷಗಳ ಮೇಲೆ ಬಂದ ವಾರ್ತೆ ಇದು. ವಿಫಲವೆಂದು ಕೈಬಿಟ್ಟ ಪ್ರಯೋಗಗಳನ್ನು ಅರ್ಧ ಶತಮಾನ ಕಳೆದು ಮತ್ತೊಮ್ಮೆ ನೋಡುವವರು ಎಷ್ಟು ಮಂದಿ?

ಮುಂದೆ ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯಲ್ಲಿ ಅದನ್ನು ಸಾಕುವ ಕ್ರಮ ಬೆಳೆಯಿತು. ಮಾಗಿದ ಸಿಹಿಗುಂಬಳದ ಮೇಲೆ ಹಿಟ್ಟು ತಿಗಣೆ ಬೆಳೆಸುವುದು, ಅದರ ಮೇಲೆ ಗುಲಗಂಜಿ ಹುಳು ಬಿಡುವುದು. ನಮ್ಮ ಅಡುಗೆಮನೆಯ ತರಕಾರಿಯೇ ಕೀಟಗಳ ಕಾರ್ಖಾನೆಯಾಯಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪಾಯ ಹಿಟ್ಟು ತಿಗಣೆ ದಾಸವಾಳ, ದೇವಕಣಗಿಲೆಗಳನ್ನೂ ಬಿಡಲಿಲ್ಲ. ಆಗ ನೆರವಿಗೆ ಬಂದವು ಮೂರು ಜಾತಿಯ ಸೂಕ್ಷ್ಮ ಕಣಜಗಳು. 2010ರಲ್ಲಿ ಪೋರ್ಟೊ ರೀಕೊದಿಂದ ಬೆಂಗಳೂರಿಗೆ ಬಂದವು.

ಇಷ್ಟಾದರೂ ಮನೆಯಂಗಳದಲ್ಲಿ ಈ ಬಂಧುವಿಗೆ ಮರ್ಯಾದೆಯಿಲ್ಲ. ಪ್ರೌಢ ಹುಳು ಕಪ್ಪು; ತಲೆಯೂ ರೆಕ್ಕೆಯ ತುದಿಯೂ ಕಿತ್ತಳೆ. ಅದರ ಮರಿಯಾದರೋ ಬಿಳಿಯ ಮೇಣದ ಎಳೆಗಳನ್ನು ಹೊದ್ದು ಸಾಕ್ಷಾತ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. 'ಇದು ದೊಡ್ಡ ತಿಗಣೆ' ಎಂದು ಮೊದಲು ಹೊಸಕುವುದು ಅದನ್ನೇ! ಚುರುಕಾಗಿ ಹರಿದಾಡುವುದು ಮರಿ. ಅಂಟಿ ಕುಳಿತಿರುವುದು ತಿಗಣೆ. ಇರುವೆಗಳೂ ಶತ್ರುಪಕ್ಷವೇ. ತಿಗಣೆ ಸುರಿಸುವ ಸಿಹಿನೀರಿನ ಆಸೆಗೆ ಅದರ ಕಾವಲು ಕಾಯ್ದು, ಗುಲಗಂಜಿ ಹುಳುವನ್ನು ಅಟ್ಟುತ್ತವೆ. ಆದುದರಿಂದ ಮೊದಲು ಇರುವೆಯ ದಾರಿ ಕಟ್ಟಬೇಕು.

ಬೆಂಗಳೂರಿನ ಹಿತವಾದ ಹವೆ ಈ ಹುಳುವಿಗೆ ಒಗ್ಗಿತು. ಕಲಬುರಗಿ ಸೀಮೆಯ ಮಾತು ಬೇರೆ. ಕೊಡ್ಲಿ, ಸೇಡಂ, ವಾಡಿ ಕಡೆಯ ಬೇಸಿಗೆಯ ಉರಿಯಲ್ಲಿ ಅದರ ಸಂತಾನ ಬೆಳೆಯುವುದು ಕಷ್ಟ. ಅಲ್ಲಿಯವರಿಗೆ ಅಂಗಳದ ಬೇವಿದೆ. 1962ರಲ್ಲಿ ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ನೀರು ಸಿಂಪಡಿಸಿದ ಪೈರನ್ನು ಮಿಡತೆ ಮುಟ್ಟದೆಂದು ತೋರಿಸಿದ್ದರು. ಮುಂಗಾರಿನ ಹೊತ್ತಿಗೆ ಉದುರುವ ಹಣ್ಣಿನ ಬೀಜ ಒಣಗಿಸಿಟ್ಟು, ತಿರುಳನ್ನು ಕುಟ್ಟಿ, ಲೀಟರು ನೀರಿಗೆ 50 ಗ್ರಾಮಿನಂತೆ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿದರಾಯಿತು.