ಊರಿನವರು ಯಾರೂ ಇಲ್ಲದ ಜಾಗ

ಮುಂಬೈ ಒಂದು ವರದಕ್ಷಿಣೆ. ತಮಾಷೆಗೆ ಹೇಳ್ತಿಲ್ಲ, ಕಾಗದ ಪತ್ರ ಇರೋ ವಿಷಯ. ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಮತ್ತು ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಮದುವೆಗೆ 1661ರಲ್ಲಿ ಒಪ್ಪಂದ ಆಯ್ತು. ಹೆಣ್ಣಿನ ಕಡೆಯವರು ಕೊಟ್ಟ ಆಸ್ತಿಯಲ್ಲಿ ಬಾಂಬೆಯೂ ಇತ್ತು. ಗಂಡು ಹೆಣ್ಣು ಮೊದಲ ಸಲ ಮುಖ ನೋಡಿದ್ದು 1662ರ ಮೇ ತಿಂಗಳಲ್ಲಿ, ಪೋರ್ಟ್ಸ್‌ಮತ್ ಅನ್ನೋ ಬಂದರು ಊರಿನಲ್ಲಿ. ಮಾರನೇ ದಿನವೇ ಮದುವೆ. 1668ರಲ್ಲಿ ರಾಜ ಆ ಆಸ್ತಿಯನ್ನು ವರ್ಷಕ್ಕೆ 10 ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಗುತ್ತಿಗೆ ಕೊಟ್ಟುಬಿಟ್ಟ.

ಹಿರಿಯರು ಕುದುರಿಸಿದ ಮದುವೆಯಿಂದ ಕೈ ಬದಲಾದ ಊರು, ಹುಡುಗ ಹುಡುಗಿ ತಾವೇ ಕೂತು ಮಾತಾಡೋದಕ್ಕೆ ಹೆಸರಾದದ್ದು ಹೇಗೆ? ಸಮುದ್ರ ಇದೆ, ಸೂರ್ಯಾಸ್ತ ಇದೆ ಅನ್ನೋದು ಅರ್ಧ ಉತ್ತರ. ಉಳಿದರ್ಧ ಅನ್ನದ ಕಥೆ.

1853ರಲ್ಲಿ ಬೋರಿ ಬಂದರ್‌ನಿಂದ ಠಾಣೆಗೆ ರೈಲು ಓಡಿತು. ಅದೇ ದಶಕದಲ್ಲಿ ಬಟ್ಟೆ ಗಿರಣಿಗಳು ಶುರುವಾದವು. ಊರು ಬಿಟ್ಟು ಬಂದ ಗಂಡಸರಿಗೆ ಊಟ ಹಾಕೋವ್ರು ಬೇಕಿತ್ತು. ಇರಾನಿಗಳ ಚಹಾ ಅಂಗಡಿ ಬಂತು, ನಮ್ಮ ಕರಾವಳಿಯವರ ಉಡುಪಿ ಹೋಟೆಲ್ ಬಂತು. ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ ಹತ್ತಿರ 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಈಗಲೂ ಬಾಳೆಲೆ ಹಾಕುತ್ತೆ. ಅಪರಿಚಿತರ ಪಕ್ಕ ಕೂತು ಉಣ್ಣೋದನ್ನ ಕಲಿಸಿದ್ದೇ ಇಂಥ ಮೇಜುಗಳು. ಹೆಂಗಸರು ಬರೋಕೆ ಶುರುವಾದಾಗ ‘ಫ್ಯಾಮಿಲಿ ರೂಮ್’ ಅಂತ ಬೋರ್ಡು ಬಿತ್ತು. ಪರದೆ ಹಿಂದೆ ಕೂತವರು ನಿಜವಾಗಲೂ ಫ್ಯಾಮಿಲಿನಾ ಅಂತ ವಿಚಾರಿಸೋಕೆ ಮಾಣಿಗೆ ಪುರುಸೊತ್ತೆಲ್ಲಿ?

ಇನ್ನು ಮರೀನ್ ಡ್ರೈವ್. ಅದು ಸಮುದ್ರ ತುಂಬಿಸಿ ಮಾಡಿದ ನೆಲ. ಯಾರ ತಾತನ ಜಮೀನೂ ಅಲ್ಲ, ಯಾವ ಕುಲದ ಕೇರಿಯೂ ಅಲ್ಲ. ಜೋಡಿಗಳು ಅಲ್ಲಿ ರಸ್ತೆಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ಕೂರ್ತಾರೆ. ಬಸ್ಸಲ್ಲಿ ಚಿಕ್ಕಪ್ಪ ಹೋದರೂ ಕಾಣೋದು ಬೆನ್ನು ಮಾತ್ರ. ಪ್ರಾಜೆಕ್ಟ್ ಮೇಲೆ ಅಲ್ಲಿ ಕೆಲವು ತಿಂಗಳಿದ್ದಾಗ ನನಗೆ ಅತಿ ಹೊಟ್ಟೆಕಿಚ್ಚು ತಂದ ಸೌಕರ್ಯ ಇದು. ಮೊದಲ ಭೇಟಿಗೆ ತಯಾರಿ ಮಾಡ್ಕೊಳ್ಳೋ ಗುಮಾಸ್ತನ ಕಥೆಯನ್ನ ಬಾಸು ಚಟರ್ಜಿ 1976ರಲ್ಲೇ ‘ಛೋಟಿ ಸೀ ಬಾತ್’ ಸಿನಿಮಾ ಮಾಡಿದ್ರು. ಅದರಲ್ಲಿ ಬರೋ ಸಮೋವಾರ್ ಕೆಫೆ 2015ರಲ್ಲಿ ಮುಚ್ಚಿತು.

ಹೊಟ್ಟೆಕಿಚ್ಚು ಯಾಕೆ ಅಂದ್ರೆ, ನಾನು ಶಿಡ್ಲಘಟ್ಟದ ಕಡೆಯವನು. ನಮ್ಮಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದರೆ ಗೂಡಿನ ರೇಟಿಗಿಂತ ಮೊದಲು ಕೇಳೋದು ‘ನೀನು ಯಾರ ಮಗನಪ್ಪಾ?’ ಅಂತ. ಹುಡುಗ ಹುಡುಗಿ ಮಾತಾಡೋಕೆ ಇದ್ದ ಏರ್ಪಾಡು ಒಂದೇ: ಹೆಣ್ಣು ನೋಡೋ ಶಾಸ್ತ್ರ. ಚಿಂತಾಮಣಿ ಕಡೆಯ ತೆಲುಗಿನಲ್ಲಿ ಪೆಳ್ಳಿ ಚೂಪುಲು. ಎರಡೂ ಹೆಸರಲ್ಲಿ ‘ನೋಡೋದು’ ಇದೆ, ಮಾತಾಡೋದು ಇಲ್ಲ. ಹುಳ ಸಾಕೋವ್ರಿಗೆ ಇನ್ನೊಂದು ಗೊತ್ತು. ಚಂದ್ರಿಕೆಯಲ್ಲಿ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ನೂಲು ಸಲೀಸಾಗಿ ಬಿಚ್ಚಿಕೊಳ್ಳಲ್ಲ, ರೀಲರ್ ಅದನ್ನ ಆರಿಸಿ ಬದಿಗೆ ಹಾಕ್ತಾನೆ. ಊರು ಜೋಡಿಗಳನ್ನ ನೋಡ್ತಿದ್ದದ್ದೂ ಹೆಚ್ಚೂ ಕಮ್ಮಿ ಹಾಗೇ.

ಆದ್ರೆ ನಮ್ಮ ಸೀಮೆ ಶೃಂಗಾರಕ್ಕೇನೂ ಬೆನ್ನು ತಿರುಗಿಸಿದ್ದಲ್ಲ. ಕ್ರಿ.ಶ. 806ರ ಶಾಸನದಲ್ಲೇ ಉಲ್ಲೇಖ ಇರೋ ನಂದಿಯ ದೇವಸ್ಥಾನದಲ್ಲಿ ಶಿವ ಭೋಗನಂದೀಶ್ವರ, ಪಕ್ಕದಲ್ಲಿ ಉಮಾಮಹೇಶ್ವರರಿಗೆ ಕಲ್ಯಾಣ ಮಂಟಪ. ಬೆಟ್ಟದ ತುದಿಯಲ್ಲಿ ಅವನೇ ಯೋಗನಂದೀಶ್ವರ. ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಜೋಡಿಗಳು ಬೈಕಿನಲ್ಲಿ ಬರೋದು ನೇರ ಯೋಗದ ತುದಿಗೇ! ನಮ್ಮೂರಿನವರಿಗೆ ಮಾತ್ರ ಆ ಬೆಟ್ಟ ಆಗಲ್ಲ. ಅಲ್ಲಿ ಚುರುಮುರಿ ಮಾರೋನೇ ಸಂಬಂಧದಲ್ಲಿ ಮಾವ ಆಗಿರ್ತಾನೆ.

ಬಂದರು ಇದ್ದರೆ ಸಾಕು ಅಂತಲೂ ಅಲ್ಲ. ಮಂಗಳೂರಿಗೂ ಬಂದರಿದೆ. 2009ರ ಜನವರಿ 24ರಂದು ಅಲ್ಲಿನ ಪಬ್ಬಿಗೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನ ಅಟ್ಟಾಡಿಸಿ ಹೊಡೆದಿದ್ದನ್ನ ದೇಶವೇ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಬಿಡುಗಡೆಯಾದರು. ಊರು ಎಷ್ಟೇ ದೊಡ್ಡದಾಗಲಿ, ‘ಯಾರ ಮಗಳು’ ಅಂತ ಕೇಳೋ ಅಧಿಕಾರ ತನಗಿದೆ ಅಂದುಕೊಂಡ ಗುಂಪೊಂದು ಇದ್ದರೆ ಅದು ಹಳ್ಳಿಗಿಂತ ಚಿಕ್ಕದಾಗುತ್ತೆ.

ಕಾನೂನು ಏನನ್ನುತ್ತೆ? ಬೇರೆ ಬೇರೆ ಧರ್ಮದವರು ಮತ ಬದಲಿಸದೆ ಮದುವೆಯಾಗೋಕೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಅದರ 30 ದಿನದ ನೋಟಿಸು ಕಚೇರಿಯ ಬೋರ್ಡಿನ ಮೇಲೆ ಬೀಳುತ್ತೆ, ಮತ್ತೆ ಊರಿಗೆಲ್ಲ ಸುದ್ದಿ. ಬೆಳಗಾವಿ ಜಿಲ್ಲೆಯಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ವಯಸ್ಕರಿಬ್ಬರು ಮದುವೆಗೆ ಒಪ್ಪಿದ ಮೇಲೆ ಮನೆಯವರ, ಸಮುದಾಯದ, ಕುಲದ ಒಪ್ಪಿಗೆ ಬೇಕಿಲ್ಲ.

ಆಫೀಸಿನ ಹುಡುಗರು ‘ಸಾರ್, ಮುಂಬೈಯಲ್ಲಿ ಫಸ್ಟ್ ಡೇಟಿಗೆ ಎಲ್ಲಿಗೆ ಹೋಗೋದು?’ ಅಂತ ಕೇಳ್ತಾರೆ. ಕೆಫೆಯ ಹೆಸರು ಹುಡುಕೋಕೆ ಮುಂಚೆ ಅವಳು ಹೇಗೆ ಬರ್ತಾಳೆ, ಹೇಗೆ ವಾಪಸ್ ಹೋಗ್ತಾಳೆ ಅಂತ ನೋಡಿ. 1992ರಲ್ಲೇ ಆ ಊರಿನಲ್ಲಿ ಹೆಂಗಸರಿಗೆಂದೇ ಲೇಡೀಸ್ ಸ್ಪೆಷಲ್ ಲೋಕಲ್ ಓಡಿತು. ಸಂಬಳ ತನ್ನದು, ಪಾಸು ತನ್ನದು. ಮಾತು ಬೇಸರವಾದರೆ ಎದ್ದು ರೈಲು ಹತ್ತೋ ಸ್ವಾತಂತ್ರ್ಯ ಇರೋದರಿಂದಲೇ ಅವಳು ಬಂದು ಕೂತಿರ್ತಾಳೆ. ಗೌರಿಬಿದನೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಕಾಲೇಜಿಗೆ ಹೋಗೋ ಹುಡುಗಿ ಸಂಜೆ ಐದಕ್ಕೇ ಗಡಿಯಾರ ನೋಡ್ತಾಳೆ. ಅವಳೂರಿನ ಕಡೇ ಬಸ್ಸು ಆರಕ್ಕೆ. ಆ ಬಸ್ಸು ಒಂಬತ್ತರವರೆಗೂ ಇದ್ದಿದ್ರೆ, ಅವಳು ಇನ್ನೊಂದು ಕಾಫಿ ಹೇಳ್ತಿದ್ಲೇನೋ.